ಆಟದ ಮಾತನ್ನು ಆಡಿ ನೋಡಿಯೇ ತೂಗಬೇಕು

ಮಾನ್ಯ ಸಂಪಾದಕರೆ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ವಿಡಿಯೋ ಗೇಮ್ ಕಥೆಗಳ ಸಂಭಾಷಣೆಯ ಕುರಿತು ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಕನ್ನಡ ಪತ್ರಿಕೆಗಳಲ್ಲಿ ವಿಡಿಯೋ ಗೇಮ್ ಎಂದೊಡನೆ ಮಕ್ಕಳ ಓದು ಹಾಳಾದ ಸುದ್ದಿಯೋ ಹಣ ಕಳೆದುಕೊಂಡವರ ಸುದ್ದಿಯೋ ಬರುವುದೇ ಹೆಚ್ಚಾಗಿರುವಾಗ, ಅದರ ಬರವಣಿಗೆ ಹೇಗಿದೆ ಎಂದು ಕೇಳಲು ಒಬ್ಬರು ಮುಂದಾದದ್ದು ಸಂತೋಷದ ವಿಷಯ. ಆದರೆ ಲೇಖಕರು ತೂಗಿರುವ ಕ್ರಮವನ್ನು ಒಪ್ಪಲು ನನ್ನಿಂದ ಆಗಲಿಲ್ಲ. ಅವರು ಒಂದೊಂದು ಆಟದಿಂದ ಒಂದೆರಡು ವಾಕ್ಯಗಳನ್ನು ಕಿತ್ತು ತಂದು, ಕೆಲವನ್ನು ಕಾವ್ಯವೆಂದು ಹೊಗಳಿ, ಕೆಲವನ್ನು ಬಾಲಿಶವೆಂದು ತಳ್ಳಿದ್ದಾರೆ. ಕವಿತೆಯ ಸಾಲನ್ನು ಹಾಗೆ ಎತ್ತಿ ತೋರಿಸಬಹುದು. ಆಟದ ಮಾತಿಗೆ ಆ ತಕ್ಕಡಿ ಒಗ್ಗುವುದಿಲ್ಲ. ಅದು ಆಟಗಾರನ ಯಾವ ಕೆಲಸಕ್ಕೆ ಉತ್ತರವಾಗಿ ಬಂತು, ಎಷ್ಟನೆಯ ಬಾರಿ ಬಂತು, ಅವನು ಬೇರೆ ದಾರಿ ಹಿಡಿದಿದ್ದರೆ ಏನು ಬರುತ್ತಿತ್ತು ಎಂಬುದನ್ನು ಜೊತೆಗಿಟ್ಟುಕೊಂಡರೆ ಮಾತ್ರ ಅದು ಚೆನ್ನಾಗಿ ಬರೆದದ್ದೋ ಅಲ್ಲವೋ ಎಂದು ಹೇಳಲು ಬರುತ್ತದೆ.

ಮಲೆನಾಡಿನವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಮಳೆಗಾಲದಲ್ಲಿ ಯಕ್ಷಗಾನ ಮೇಳಗಳ ತಿರುಗಾಟ ನಿಂತಾಗ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ತಾಳಮದ್ದಲೆ ನಡೆಯುತ್ತದೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯವನ್ನು ಹಾಡುತ್ತಾರೆ, ಅರ್ಥಧಾರಿಗಳು ಕುಳಿತಲ್ಲಿಂದಲೇ ಆ ಪದ್ಯವನ್ನು ಹಿಡಿದು ಪಾತ್ರವಾಗಿ ಮಾತಾಡುತ್ತಾರೆ. ಪದ್ಯ ಮೊದಲೇ ಬರೆದಿಟ್ಟದ್ದು, ಕಥೆಯ ಕೊನೆ ಸಭೆಯಲ್ಲಿರುವ ಎಲ್ಲರಿಗೂ ಗೊತ್ತಿರುವಂಥದ್ದು, ಮಾತು ಮಾತ್ರ ಆ ಹೊತ್ತಿಗೆ ಹುಟ್ಟುವಂಥದ್ದು. ಬಾಣ ತಗಲಿ ಬಿದ್ದ ವಾಲಿ ಒಂದು ಆಕ್ಷೇಪ ಎತ್ತಿದರೆ ರಾಮನ ಪಾತ್ರಧಾರಿ ಆ ಆಕ್ಷೇಪಕ್ಕೇ ಉತ್ತರ ಕೊಡಬೇಕು. ಮನೆಯಿಂದ ಕಲಿತು ತಂದ ಉಪನ್ಯಾಸವನ್ನು ಒಪ್ಪಿಸಿದರೆ, ಅದು ಎಷ್ಟೇ ಸುಂದರವಾಗಿದ್ದರೂ, ಮುಂದಿನ ಸಾಲಿನಲ್ಲಿ ಕುಳಿತ ಅಜ್ಜಂದಿರು ಎಲೆ ಅಡಿಕೆಯ ಕಡೆಗೆ ಕೈ ಹಾಕುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಹಿರಿಯ ಅರ್ಥಧಾರಿಗಳನ್ನು ಕೇಳಿದವರು ಈಗಲೂ ನೆನೆಯುವಾಗ, ಎದುರಿನವರು ಏನೆಂದರು, ಅದಕ್ಕೆ ಅವರು ಏನೆಂದರು ಎಂದು ಜೋಡಿಯಾಗಿಯೇ ಹೇಳುತ್ತಾರೆ. ಆಟದಲ್ಲಿಯೂ ಕಥೆಯ ಹಾದಿ ಬರೆದಿಟ್ಟದ್ದು. ಎದುರು ಕುಳಿತಿರುವವನು ಆಟಗಾರ. ಅವನು ಬಾಯಿಯಿಂದ ಅಲ್ಲದಿದ್ದರೂ ತನ್ನ ಕೆಲಸಗಳಿಂದ ಪ್ರಶ್ನೆ ಎತ್ತುತ್ತಲೇ ಇರುತ್ತಾನೆ. ಅರ್ಥಧಾರಿಗೆ ಆ ಕ್ಷಣದಲ್ಲಿ ಯೋಚಿಸಿ ಉತ್ತರಿಸುವ ಸ್ವಾತಂತ್ರ್ಯವಿದೆ. ಆಟದ ಬರಹಗಾರ ಮಾತ್ರ ಎಂದೋ ಒಂದು ದಿನ ಯಾರೋ ಎತ್ತಬಹುದಾದ ಪ್ರಶ್ನೆಗಳನ್ನೆಲ್ಲ ಊಹಿಸಿ ಮೊದಲೇ ಉತ್ತರ ಬರೆದಿಡಬೇಕು. ಈ ಕಷ್ಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ವಿಮರ್ಶೆ ಆಟದ ಬರವಣಿಗೆಯ ಹತ್ತಿರಕ್ಕೂ ಬಂದಂತಾಗುವುದಿಲ್ಲ.

ಈ ಗುಣವನ್ನೇ ಆಟದ ನಿಯಮವಾಗಿ ಮಾಡಿಕೊಂಡ ಹಳೆಯ ಉದಾಹರಣೆ 1990ರಲ್ಲಿ ಲ್ಯೂಕಾಸ್‌ಫಿಲ್ಮ್ ಗೇಮ್ಸ್ ಹೊರತಂದ ‘ದಿ ಸೀಕ್ರೆಟ್ ಆಫ್ ಮಂಕಿ ಐಲ್ಯಾಂಡ್’. ಅದರಲ್ಲಿ ಕತ್ತಿವರಸೆಯನ್ನು ಗೆಲ್ಲಬೇಕಾದದ್ದು ಬಾಯಿಂದ. ಎದುರಾಳಿ ಒಂದು ಮೂದಲಿಕೆ ಎಸೆದರೆ ಅದಕ್ಕೆ ತಕ್ಕ ಮರುಮಾತನ್ನು ಆರಿಸಬೇಕು. ದಾರಿಯಲ್ಲಿ ಸಿಗುವ ಕಡಲ್ಗಳ್ಳರೊಡನೆ ಸೋತು ಗೆದ್ದು ಮರುಮಾತುಗಳನ್ನು ಕಲಿತುಕೊಂಡು ಕೊನೆಗೆ ಕತ್ತಿವರಸೆಯಲ್ಲಿ ಎಲ್ಲರಿಗಿಂತ ಮೇಲಾದವಳ ಮುಂದೆ ನಿಂತರೆ, ಅವಳು ಎಂದೂ ಕೇಳದ ಮೂದಲಿಕೆಗಳನ್ನೇ ಎಸೆಯುತ್ತಾಳೆ. ಕಲಿತ ಹಳೆಯ ಮರುಮಾತುಗಳಲ್ಲಿ ಯಾವುದು ಈ ಹೊಸ ಮೂದಲಿಕೆಗೆ ಕೂಡುತ್ತದೆ ಎಂದು ಆಟಗಾರನೇ ಕಂಡುಕೊಳ್ಳಬೇಕು. ಒಂದೇ ಉತ್ತರ ಎರಡು ಬೇರೆ ಬೇರೆ ಮೂದಲಿಕೆಗಳಿಗೆ ಅಷ್ಟೇ ಚುರುಕಾಗಿ ಹೊಂದುವಂತೆ ಬರೆಯುವುದು ಎಂಥ ಕೆಲಸವೆಂದು ಬರವಣಿಗೆ ಬಲ್ಲವರು ಊಹಿಸಬಹುದು. ಅದರ ಒಂದು ಮರುಮಾತನ್ನು ಮಾತ್ರ ಎತ್ತಿ ಪತ್ರಿಕೆಯಲ್ಲಿ ಅಚ್ಚು ಹಾಕಿದರೆ ಆ ಜಾಣ್ಮೆಯಲ್ಲಿ ಏನೂ ಉಳಿಯುವುದಿಲ್ಲ.

ಇನ್ನೂ ಗಾಢವಾದ ಉದಾಹರಣೆ 2007ರ ‘ಬಯೋಶಾಕ್’. ಸಮುದ್ರದಡಿಯ ಪಾಳುಬಿದ್ದ ನಗರವೊಂದರಲ್ಲಿ ಸಿಕ್ಕಿಕೊಂಡ ಆಟಗಾರನಿಗೆ ರೇಡಿಯೋದ ಆಚೆಯಿಂದ ಒಬ್ಬ ದಾರಿ ತೋರುತ್ತಿರುತ್ತಾನೆ. ಅವನು ಕೆಲಸ ಹೇಳುವಾಗ ‘ದಯವಿಟ್ಟು ಮಾಡುತ್ತೀಯಾ’ ಎಂಬ ಅರ್ಥದ ಒಂದೇ ನುಡಿಯನ್ನು ಮತ್ತೆ ಮತ್ತೆ ಬಳಸುತ್ತಾನೆ. ಕೇಳುವವರಿಗೆ ಅದು ಬರಿಯ ಸೌಜನ್ಯ, ಗಮನಕ್ಕೂ ಬಾರದ ಮಾತು. ಕಥೆ ಬಹಳ ದೂರ ಸಾಗಿದ ಮೇಲೆ ತಿಳಿಯುತ್ತದೆ, ಆ ನುಡಿ ಕಿವಿಗೆ ಬಿದ್ದರೆ ಹೇಳಿದ್ದನ್ನು ಮಾಡದೆ ಇರಲಾಗದಂತೆ ನಾಯಕನ ಮನಸ್ಸನ್ನು ಮೊದಲೇ ಕಟ್ಟಿಹಾಕಲಾಗಿತ್ತು ಎಂದು. ಅಲ್ಲಿಯವರೆಗೆ ತಾನಾಗಿಯೇ ಮಾಡಿದೆ ಎಂದು ಆಟಗಾರ ಅಂದುಕೊಂಡಿದ್ದ ಒಂದೊಂದು ಕೆಲಸವೂ ಆಜ್ಞೆಯ ಪಾಲನೆಯಾಗಿಬಿಡುತ್ತದೆ. ಆಟ ಹೇಳಿದ್ದನ್ನು ಪ್ರಶ್ನಿಸದೆ ಮಾಡುವುದು ಎಲ್ಲ ಆಟಗಾರರ ಅಭ್ಯಾಸ. ಆ ಅಭ್ಯಾಸವನ್ನೇ ಬರಹಗಾರರು ಕಥೆಯ ಜೀವಾಳ ಮಾಡಿಕೊಂಡರು. ನನ್ನ ಮಟ್ಟಿಗೆ ಆಟದ ಸಂಭಾಷಣೆಯಲ್ಲಿ ಇದಕ್ಕಿಂತ ಮೇಲಾದ ಬರವಣಿಗೆ ಕಡಿಮೆ. ಲೇಖಕರ ಕ್ರಮದಲ್ಲಿ ತೂಗಿದರೆ ಆ ನುಡಿಗೆ ಯಾವ ಬೆಲೆಯೂ ಸಿಗಲಾರದು.

ಲೇಖನದಲ್ಲಿ ಹಾಸ್ಯಾಸ್ಪದವೆಂದು ತಳ್ಳಿದ ವಾಕ್ಯವೊಂದರ ಕಡೆಗೂ ಗಮನ ಸೆಳೆಯಬೇಕು. 2011ರ ‘ಸ್ಕೈರಿಮ್’ನಲ್ಲಿ ಊರ ಕಾವಲುಗಾರನೊಬ್ಬ, ತಾನೂ ಒಂದು ಕಾಲಕ್ಕೆ ಸಾಹಸಿಯಾಗಿದ್ದೆ, ಆಮೇಲೆ ಮೊಣಕಾಲಿಗೆ ಬಾಣ ನಾಟಿತು ಎನ್ನುತ್ತಾನೆ. ಮೊದಲ ಸಲ ಕೇಳುವಾಗ ಆ ಮಾತು ಚೆನ್ನಾಗಿಯೇ ಇದೆ. ಒಬ್ಬನ ಮುರಿದ ಬದುಕು ಒಂದೇ ಉಸಿರಿನಲ್ಲಿ ಮುಗಿದುಹೋಗುತ್ತದೆ. ಕೆಟ್ಟದ್ದು ಅದು ಊರೂರಿನ ಕಾವಲುಗಾರರ ಬಾಯಲ್ಲೂ ಮತ್ತೆ ಮತ್ತೆ ಬಂದದ್ದರಿಂದ. ಜಗತ್ತಿನಾದ್ಯಂತ ಅದು ನಗೆಯ ಮಾತಾದದ್ದು ಆ ಕಾರಣಕ್ಕೆ. ಆಟದ ಬರಹಗಾರನಿಗೆ ಇಲ್ಲಿ ಕಾದಂಬರಿಕಾರನಿಗೆ ಇಲ್ಲದ ಒಂದು ಕಟ್ಟುಪಾಡು ಇದೆ: ನೂರು ಸಲ ಕೇಳಿಸಬಹುದಾದ ಮಾತು ಕಣ್ಣಿಗೆ ಕುಕ್ಕುವಷ್ಟು ವಿಶೇಷವಾಗಿರಬಾರದು, ವಿಶೇಷವಾದ ಮಾತು ನೂರು ಸಲ ಕೇಳಿಸಬಾರದು. 2020ರ ‘ಹೇಡೀಸ್’ ಇದನ್ನು ಬಲ್ಲದು. ಪಾತಾಳದಿಂದ ತಪ್ಪಿಸಿಕೊಳ್ಳಲು ಹೊರಟ ನಾಯಕ ಸತ್ತಾಗಲೆಲ್ಲ ತಂದೆಯ ಮನೆಗೇ ಹಿಂದಿರುಗುತ್ತಾನೆ. ಬಾಗಿಲಲ್ಲೇ ನಿಂತಿರುವ ನಿದ್ರಾದೇವ ಹಿಪ್ನಾಸ್ ಈ ಸಲ ಯಾರ ಕೈಯಲ್ಲಿ ಸತ್ತೆ ಎಂಬುದನ್ನೇ ಹಿಡಿದು ಮಾತಾಡುತ್ತಾನೆ. ಮನೆಯ ಇತರರು ಹಿಂದೆ ನಡೆದ ಸಂಗತಿಗಳನ್ನು ನೆನಪಿಟ್ಟು ಮುಂದುವರಿಸುತ್ತಾರೆ. ಅದಕ್ಕಾಗಿ 20 ಸಾವಿರಕ್ಕೂ ಹೆಚ್ಚು ಸಾಲುಗಳನ್ನು ಬರೆದು ದನಿ ಕೊಡಿಸಲಾಗಿದೆ. ಅವುಗಳಲ್ಲಿ ಬಹಳಷ್ಟು ಸಾಲುಗಳು ಕಾಗದದ ಮೇಲೆ ಸಾಧಾರಣವೇ. ಸೋತು ಬಂದವನಿಗೆ ಆ ಸೋಲನ್ನು ಕಂಡವರು ಆಡಿದ ಮಾತಾಗಿ ಕೇಳಿಸುವುದರಿಂದ ಅವು ಮನಸ್ಸಿಗೆ ನಾಟುತ್ತವೆ.

ಆಟಗಾರನ ಮುಂದೆ ಇಡುವ ಆಯ್ಕೆಗಳೂ ಸಂಭಾಷಣೆಯ ಭಾಗವೇ ಎಂಬುದನ್ನು ವಿಮರ್ಶಕರು ಮರೆಯುತ್ತಾರೆ. 2011ರ ‘ಎಲ್.ಎ. ನ್ವಾರ್’ನಲ್ಲಿ ಪತ್ತೇದಾರ ಸಾಕ್ಷಿಗಳನ್ನು ವಿಚಾರಿಸುವಾಗ ಸತ್ಯ, ಅನುಮಾನ, ಸುಳ್ಳು ಎಂಬ ಮೂರು ಆಯ್ಕೆಗಳಿದ್ದವು. ‘ಅನುಮಾನ’ವನ್ನು ಒತ್ತಿದ ಆಟಗಾರನ ಮನಸ್ಸಿನಲ್ಲಿ ಇರುವುದು ಮೆಲ್ಲಗೆ ಕೆದಕುವ ಉದ್ದೇಶ, ಪತ್ತೇದಾರನೋ ಎದುರಿಗಿದ್ದ ಬಡಪಾಯಿಯ ಮೇಲೆ ಅಬ್ಬರಿಸಿಬಿಡುತ್ತಿದ್ದ. 2017ರಲ್ಲಿ ಆಟವನ್ನು ಮತ್ತೆ ಹೊರತಂದಾಗ ಆ ಆಯ್ಕೆಗಳ ಹೆಸರನ್ನೇ ಬದಲಾಯಿಸಬೇಕಾಯಿತು. 2015ರ ‘ಫಾಲ್‌ಔಟ್ 4’ರಲ್ಲಿಯೂ ನಾಯಕ ಏನು ಹೇಳಲಿದ್ದಾನೆ ಎಂಬುದರ ಬದಲು ಒಂದೆರಡು ಪದಗಳ ಸುಳಿವನ್ನಷ್ಟೇ ತೋರಿಸಿದ್ದಕ್ಕೆ ಆಟಗಾರರು ಅಸಮಾಧಾನಗೊಂಡರು. ತನ್ನ ಬಾಯಿಂದ ತಾನು ಉದ್ದೇಶಿಸದ ಮಾತು ಹೊರಟಾಗ ಆಟಗಾರ ಆ ಪಾತ್ರದಿಂದ ಹೊರಗೆ ಬಂದುಬಿಡುತ್ತಾನೆ, ಮತ್ತೆ ಒಳಗೆ ಹೋಗುವುದು ಸುಲಭವಲ್ಲ.

ಮೌನಕ್ಕೂ ಇಲ್ಲಿ ಜಾಗ ಬೇಕು. 2016ರ ‘ಫೈರ್‌ವಾಚ್’ 1989ರ ಅಮೆರಿಕದ ವಯೋಮಿಂಗ್ ಕಾಡಿನಲ್ಲಿ ಬೆಂಕಿ ಕಾವಲಿಗೆ ನಿಂತವನೊಬ್ಬನ ಕಥೆ. ಬೇಸಿಗೆಯ ಕಾಡ್ಗಿಚ್ಚನ್ನು ಕಂಡಿರುವ ನಮ್ಮ ಕಡೆಯವರಿಗೆ ಅದು ಬೇಗ ಹತ್ತಿರವಾದೀತು. ವಾಕಿಟಾಕಿಯ ಇನ್ನೊಂದು ತುದಿಯಲ್ಲಿರುವ ಮೇಲಧಿಕಾರಿ ಡಿಲೈಲಾಳ ಪ್ರಶ್ನೆಗೆ ಸ್ವಲ್ಪ ಹೊತ್ತು ಉತ್ತರ ಕೊಡದೆ ಬಿಟ್ಟರೆ ಆ ಉತ್ತರವಿಲ್ಲದಿರುವಿಕೆಯನ್ನೇ ಅವಳು ಉತ್ತರವೆಂದು ತೆಗೆದುಕೊಂಡು ಮಾತು ಮುಂದುವರಿಸುತ್ತಾಳೆ. ಬರೆದವರು ಮೌನಕ್ಕೂ ಮರುಮಾತು ಬರೆದಿದ್ದಾರೆ.

ಪದಗಳ ರಾಶಿಯನ್ನು ಕಂಡು ಮರುಳಾಗುವುದೂ ಬೇಡ. 2019ರ ‘ಡಿಸ್ಕೋ ಎಲಿಸಿಯಮ್’ನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಪದಗಳಿವೆ ಎಂಬುದನ್ನೇ ಲೇಖಕರು ಅದರ ಹಿರಿಮೆಯಾಗಿ ಹೇಳಿದ್ದಾರೆ. ಅದರ ಹಿರಿಮೆಯನ್ನು ನಾನು ಬೇರೆ ಕಡೆ ಕಾಣುತ್ತೇನೆ. ನಾಯಕನಾದ ಪತ್ತೇದಾರನ ತಲೆಯೊಳಗಿನ 24 ಗುಣಗಳು, ಅಂದರೆ ಅವನ ತರ್ಕ, ಕರುಣೆ, ಚಪಲ, ಪಾಂಡಿತ್ಯ ಮುಂತಾದವು, ತಾವೇ ಪಾತ್ರಗಳಾಗಿ ನಡುನಡುವೆ ಬಾಯಿ ಹಾಕುತ್ತವೆ. ಹೆಸರನ್ನು ಕೈಯಿಂದ ಮುಚ್ಚಿ ಓದಿದರೂ ಮಾತಾಡಿದ್ದು ಯಾವುದೆಂದು ಗುರುತು ಸಿಗುತ್ತದೆ. ಕಿಮ್ ಕಿಟ್ಸುರಾಗಿ ಎಂಬ ಸಹೋದ್ಯೋಗಿ ಅಳೆದು ತೂಗಿ ಮಾತಾಡುವವನಾದ್ದರಿಂದ, ಅವನು ಎಲ್ಲೋ ಒಮ್ಮೆ ಮೆಚ್ಚಿ ಒಂದು ಮಾತು ಹೇಳಿದರೆ ಆಟಗಾರನಿಗೆ ಬಹುಮಾನ ಸಿಕ್ಕಂತಾಗುತ್ತದೆ. ನಾಯಕ ಕುಡಿದು ಎಲ್ಲವನ್ನೂ ಮರೆತು ಎದ್ದವನು ಎಂದು ಇಟ್ಟುಕೊಂಡದ್ದರಿಂದ ಊರಿನ ಬಗ್ಗೆ ಅವನು ಕೇಳುವ ಎಳಸು ಪ್ರಶ್ನೆಗಳೂ ಸಹಜವಾಗುತ್ತವೆ. ಮರೆವಿನ ಈ ಉಪಾಯ ಹೊಸದಲ್ಲ, 1999ರ ‘ಪ್ಲೇನ್‌ಸ್ಕೇಪ್: ಟಾರ್ಮೆಂಟ್’ನಲ್ಲಿಯೂ ಇದೆ. ಆದರೆ ಈ ಎರಡೂ ಆಟಗಳು ಮರೆವನ್ನು ಬರಿಯ ಅನುಕೂಲಕ್ಕಾಗಿ ತರದೆ, ತಾನು ಹಿಂದೆ ಎಂಥವನಾಗಿದ್ದೆ ಎಂದು ಹುಡುಕುವುದನ್ನೇ ಕಥೆ ಮಾಡಿಕೊಂಡವು.

ಕೆಲವು ದೋಷಗಳನ್ನು ಮಾತ್ರ ಮನ್ನಿಸಬೇಕು. ಆಟವನ್ನು ವಾರಗಟ್ಟಲೆ ಬಿಟ್ಟು ಮತ್ತೆ ಹಿಡಿಯುವವರಿರುತ್ತಾರೆ, ಆದ್ದರಿಂದ ಯಾರನ್ನು ಹುಡುಕುತ್ತಿದ್ದೇವೆ ಎಂಬುದನ್ನು ಪಾತ್ರಗಳು ಮತ್ತೊಮ್ಮೆ ಹೇಳಬೇಕಾಗುತ್ತದೆ. ನಟರು ಹಲವು ಬಾರಿ ಎದುರಿನ ನಟರಿಲ್ಲದೆ ಒಬ್ಬೊಬ್ಬರೇ ಸ್ಟುಡಿಯೋದಲ್ಲಿ ಕುಳಿತು ಪಟ್ಟಿಯಲ್ಲಿರುವ ಸಾಲುಗಳನ್ನು ಓದುತ್ತಾರೆ, ಹಾಗಾಗಿ ಪ್ರಶ್ನೆಯ ಕಾವು ಉತ್ತರದಲ್ಲಿ ಇಲ್ಲದಿರುವುದುಂಟು. ಅದು ಬರಹಗಾರನ ತಪ್ಪಲ್ಲ. ಮಾತು ನಡೆಯುತ್ತಿರುವಾಗಲೇ ಆಟಗಾರ ಎದ್ದು ಹೊರಟುಬಿಡಬಹುದು. 2018ರ ‘ಗಾಡ್ ಆಫ್ ವಾರ್’ನಲ್ಲಿ ದೋಣಿಯಲ್ಲಿ ನಾಯಕನ ಜೊತೆಗಾರ ಮೀಮಿರ್ ಹೇಳುವ ಕಥೆ ದಡ ಸಿಕ್ಕೊಡನೆ ತುಂಡಾಗುತ್ತದೆ, ಆದರೆ ಮತ್ತೆ ದೋಣಿ ಹತ್ತಿದಾಗ ಅವನು ಬಿಟ್ಟಲ್ಲಿಂದ ಎತ್ತಿಕೊಳ್ಳುತ್ತಾನೆ. ಆ ತುಂಡಾಗುವಿಕೆಯನ್ನೂ ಯಾರೋ ಕುಳಿತು ಬರೆದಿದ್ದಾರೆ, ಅದಕ್ಕೆ ಮೆಚ್ಚುಗೆ ಸಲ್ಲಬೇಕು.

ಇಷ್ಟು ಹೇಳಿ ನಮ್ಮದೇ ನೆಲದ ಒಂದು ಆಟವನ್ನು ಕಲ್ಪಿಸಿಕೊಳ್ಳಲು ಓದುಗರನ್ನು ಕೋರುತ್ತೇನೆ. ಅಂಬಾರಗೊಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈನಲ್ಲಿ ತೆರೆಯುವುದಕ್ಕೆ ಮೊದಲು ಶರಾವತಿ ಹಿನ್ನೀರನ್ನು ಲಾಂಚಿನಲ್ಲಿ ದಾಟುತ್ತಿದ್ದ ಕಾಲ. ಬೆಂಗಳೂರಿನಿಂದ ಬಂದ ಯುವತಿಯೊಬ್ಬಳು ಆಟಗಾರನ ಪಾತ್ರ. ಪಕ್ಕದಲ್ಲಿ ಅವಳ ಅಜ್ಜನ ಊರಿನವನೇ ಆದ ಮುದುಕ. ಅವನು ‘ಮಗಳೇ, 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟೆಯಿಂದಾಗಿ ನಮ್ಮ ಊರು ಮುಳುಗಡೆಯಾಯಿತು, ನಾವೆಲ್ಲರೂ ಮನೆಮಠ ಕಳೆದುಕೊಂಡೆವು ಎಂಬುದು ನಿನಗೆ ತಿಳಿದೇ ಇದೆ’ ಎಂದರೆ ಅದು ಆಟಗಾರನಿಗೆ ಓದಿ ಹೇಳಿದ ಟಿಪ್ಪಣಿ. ಮುಳುಗಡೆಯ ಮನೆಯಲ್ಲಿ ಬೆಳೆದ ಇಬ್ಬರು ಹಾಗೆ ಮಾತಾಡಿಕೊಳ್ಳುವುದಿಲ್ಲ. ಬೇಸಿಗೆಯಲ್ಲಿ ನೀರಿನಿಂದ ಮೇಲೆದ್ದ ಒಣಮರಗಳ ಕಡೆ ಕೈ ತೋರಿಸಿ ‘ಅಗೋ, ಆ ಎರಡು ಮರದ ನಡುವೆ ನಿನ್ನಜ್ಜನ ಕಣ ಇತ್ತು. ನೀರು ಪೂರಾ ಇಳಿದ ವರ್ಷ ಬಾ ಮಗಾ, ಕಲ್ಲು ಕಾಣ್ತದೆ’ ಎಂದರೆ ಊರು ಮುಳುಗಿದ್ದೂ ತಿಳಿಯುತ್ತದೆ, ಮುದುಕ ಇನ್ನೂ ಅಲ್ಲಿಗೆ ಬಂದು ನೋಡುತ್ತಾನೆಂಬುದೂ ತಿಳಿಯುತ್ತದೆ.

ಇಲ್ಲಿಯವರೆಗಿನದು ನಾಟಕ ಬರೆಯುವವರೂ ಬಲ್ಲ ವಿದ್ಯೆ. ಆಟದ ಬರಹಗಾರನ ಕೆಲಸ ಇನ್ನು ಮೇಲೆ ಶುರುವಾಗುತ್ತದೆ. ಆಟಗಾರ ಮಳೆಗಾಲದಲ್ಲಿ ಲಾಂಚು ಹತ್ತಿದರೆ ಆ ಮರಗಳು ನೀರಿನಡಿಯಲ್ಲಿರುತ್ತವೆ, ಆಗ ‘ಅಗೋ’ ಎನ್ನುವಂತಿಲ್ಲ. ಎರಡನೆಯ ಸಲ ದಾಟುವಾಗ ಮುದುಕ ಅದೇ ಮಾತನ್ನು ಅದೇ ದನಿಯಲ್ಲಿ ಹೇಳಿದರೆ ಮೊದಲ ಸಲದ ಮಾತೂ ಸುಳ್ಳಾಗುತ್ತದೆ; ಅವನು ಸುಮ್ಮನೆ ಆ ಕಡೆ ನೋಡಿದರೆ ಸಾಕು. ಮುಳುಗಡೆಗೆ ಪರಿಹಾರವಾಗಿ ಸಿಕ್ಕಿದ್ದ ಜಮೀನನ್ನು ಆಟಗಾರ ಹಿಂದಿನ ದಿನವಷ್ಟೇ ಮಾರಿ ಬಂದಿದ್ದರೆ, ಸುದ್ದಿ ತಿಳಿದ ಮುದುಕ ಅಜ್ಜನ ಕಣದ ಮಾತನ್ನೇ ಎತ್ತದೆ ‘ಬಿಸಿಲಿದೆ, ಒಳಗೆ ಕೂತ್ಕೊಳ್ಳಿ’ ಎಂದು ಬಹುವಚನದಲ್ಲಿ ಹೇಳಿ ಮುಖ ತಿರುಗಿಸಬಹುದು. ಈ ಕೊನೆಯ ವಾಕ್ಯವನ್ನು ಕಿತ್ತು ತಂದು ಪುರವಣಿಯಲ್ಲಿ ಹಾಕಿದರೆ ಯಾರೂ ಅದನ್ನು ಬರವಣಿಗೆ ಎನ್ನಲಾರರು. ಆಡುವವರಿಗೆ ಅದು ಕಪಾಳಕ್ಕೆ ಬಿದ್ದಂತಿರುತ್ತದೆ.

ಕನ್ನಡದಲ್ಲಿ ಆಟ ಬರೆಯುವವರ ಮುಂದೆ ಇನ್ನೊಂದು ತೊಡಕಿದೆ, ಅದನ್ನು ತಿಳಿಯದೆ ಅವರ ಕೆಲಸವನ್ನು ತೂಗುವುದು ನ್ಯಾಯವಲ್ಲ. ಇಂಗ್ಲಿಷಿನ ಆಟಗಳಲ್ಲಿ ವಾಕ್ಯದ ನಡುವೆ ಜಾಗ ಬಿಟ್ಟು ಆಟಗಾರ ಕೊಟ್ಟ ಹೆಸರನ್ನು ತುಂಬಿಬಿಡುತ್ತಾರೆ. ಕನ್ನಡದಲ್ಲಿ ರಾಮನಿಗೆ, ಸೀತೆಗೆ, ಗುರುವಿಗೆ ಎಂದು ಹೆಸರಿನ ಕೊನೆಯ ಅಕ್ಷರಕ್ಕೆ ತಕ್ಕಂತೆ ಪ್ರತ್ಯಯ ಬದಲಾಗುತ್ತದೆ, ಬಂದ, ಬಂದಳು, ಬಂದರು ಎಂದು ಕ್ರಿಯಾಪದವೂ ಬದಲಾಗುತ್ತದೆ. ಹೀಗಾಗಿ ಒಂದೇ ಸಾಲನ್ನು ಹಲವು ರೂಪಗಳಲ್ಲಿ ಬರೆಯಬೇಕು, ಇಲ್ಲವೇ ಹೆಸರು ಸಂಬೋಧನೆಯಲ್ಲಿ ಮಾತ್ರ ಬರುವಂತೆ ವಾಕ್ಯವನ್ನು ಕಟ್ಟಬೇಕು. ಅದೇ ಭಾಷೆ ಒಂದು ದೊಡ್ಡ ಅನುಕೂಲವನ್ನೂ ಕೊಟ್ಟಿದೆ. ಮೊದಲ ಭೇಟಿಯಲ್ಲಿ ‘ನೀವು’ ಎಂದವರು ಆಟಗಾರನ ನಡತೆಯನ್ನು ಕಂಡು ಯಾವಾಗ ‘ನೀನು’ ಎನ್ನತೊಡಗುತ್ತಾರೆ, ಅದು ಸಲುಗೆಯೋ ತಿರಸ್ಕಾರವೋ ಎಂಬುದರಲ್ಲಿಯೇ ಇಡೀ ಸಂಬಂಧವನ್ನು ತೋರಿಸಬಹುದು.

ಪದವಿಪೂರ್ವ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವ ನನಗೆ ಈ ವಿಷಯ ಮುಖ್ಯವಾಗಲು ಕಾರಣವಿದೆ. ನನ್ನ ವಿದ್ಯಾರ್ಥಿಗಳಲ್ಲಿ ಕೆಲವರು ಟ್ವೈನ್ ಎಂಬ ತಂತ್ರಾಂಶದಲ್ಲಿ ಸಣ್ಣ ಸಣ್ಣ ಕಥಾ ಆಟಗಳನ್ನು ಕನ್ನಡದಲ್ಲೇ ಕಟ್ಟುತ್ತಿದ್ದಾರೆ. 2009ರಲ್ಲಿ ಬಂದ ಈ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಅದರಲ್ಲಿ ಮಾಡಿದ ಆಟ ಸಾಮಾನ್ಯ ವೆಬ್ ಪುಟವಾಗಿ ತೆರೆದುಕೊಳ್ಳುವುದರಿಂದ ಕನ್ನಡ ಅಕ್ಷರಕ್ಕೂ ತೊಂದರೆಯಿಲ್ಲ. ಇಂಥ ಆಟಗಳಿಗೆ ಏರ್ಪಾಡಾದ ಸ್ಪರ್ಧೆಯೊಂದರಲ್ಲಿ ತೀರ್ಪುಗಾರರು ಸಂಭಾಷಣೆಯ ಮುದ್ರಿತ ಪ್ರತಿಯನ್ನು ಮಾತ್ರ ತರಿಸಿಕೊಂಡು ಅಂಕ ಹಾಕಿದರು. ಅಲಂಕಾರದ ಮಾತು ಬರೆದವರಿಗೆ ಬಹುಮಾನ ಹೋಯಿತು. ಹಿಂದೆ ಮಾಡಿದ ಆಯ್ಕೆಯನ್ನು ನೆನಪಿಟ್ಟುಕೊಂಡು ಮಿತವಾಗಿ ಮಾತಾಡುವ ಪಾತ್ರಗಳನ್ನು ಬರೆದ ಹುಡುಗಿಯ ಪ್ರತಿಯಲ್ಲಿ ‘ನೀರಸ’ ಎಂದು ಷರಾ ಬಂದಿತ್ತು. ಆ ಆಟವನ್ನು ನಾನು ಆಡಿದ್ದೇನೆ, ಅದು ನೀರಸವಲ್ಲ.

ಆದ್ದರಿಂದ ತಮ್ಮಲ್ಲಿ ಎರಡು ಬೇಡಿಕೆಗಳಿವೆ. ಪತ್ರಿಕೆಯಲ್ಲಿ ಆಟಗಳ ವಿಮರ್ಶೆ ಬರೆಯುವವರು ಒಂದೇ ಆಟವನ್ನು ಬೇರೆ ಬೇರೆ ಆಯ್ಕೆಗಳೊಂದಿಗೆ ಎರಡು ಸಲವಾದರೂ ಆಡಿ, ಯಾವ ಕೆಲಸಕ್ಕೆ ಯಾವ ಮಾತು ಬಂತು ಎಂಬುದನ್ನು ಜೊತೆಯಾಗಿಯೇ ಓದುಗರಿಗೆ ತಿಳಿಸುವಂತಾಗಲಿ. ನಮ್ಮ ಜಿಲ್ಲೆಯಲ್ಲಿ ಇಂಥ ಸ್ಪರ್ಧೆಗಳನ್ನು ನಡೆಸುವವರು ತೀರ್ಪುಗಾರರ ಮುಂದೆ ಕಾಗದದ ಬದಲು ಆಟವನ್ನೇ ಇಡಲಿ, ತೀರ್ಪುಗಾರರಲ್ಲಿ ತಾಳಮದ್ದಲೆಯ ಅರ್ಥಧಾರಿ ಒಬ್ಬರು ಇರಲಿ. 1980ರಿಂದ ರಂಗಶಿಕ್ಷಣ ಕೊಡುತ್ತಿರುವ ಹೆಗ್ಗೋಡಿನ ನೀನಾಸಮ್‌ನಲ್ಲಿ ಕಲಿತು ಊರಿನಲ್ಲೇ ನೆಲೆಸಿರುವವರು ಸಾಗರದ ಸುತ್ತಮುತ್ತ ಇದ್ದಾರೆ. ಅಂಥವರೊಬ್ಬರನ್ನು ಕರೆದರೆ ಬರೆದ ಸಾಲು ಬಾಯಿಗೆ ಒಗ್ಗುತ್ತದೆಯೇ ಎಂದು ಮಕ್ಕಳ ಮುಂದೆಯೇ ಆಡಿ ತೋರಿಸಿಯಾರು.

ಇತಿ ತಮ್ಮ ವಿಶ್ವಾಸಿ,
ಕನ್ನಡ ಉಪನ್ಯಾಸಕ, ತೀರ್ಥಹಳ್ಳಿ, ಶಿವಮೊಗ್ಗ ಜಿಲ್ಲೆ